ಪೆಡಲಿನ ಹಿಂದಿನ ಗಾಳಿ

1981ರಲ್ಲಿ ನಾನು ಮೈಸೂರಿನ ಒಂದು ಗ್ಯಾರೇಜಿಗೆ ಹೆಲ್ಪರ್ ಆಗಿ ಸೇರಿದಾಗ ನಮ್ಮಲ್ಲಿಗೆ ಬರುತ್ತಿದ್ದ ಅಂಬಾಸಡರ್, ಪದ್ಮಿನಿ ಕಾರುಗಳಿಗೆ ಬ್ರೇಕ್ ಬೂಸ್ಟರ್ ಇರಲಿಲ್ಲ. ನಾಲ್ಕೂ ಚಕ್ರಕ್ಕೆ ಡ್ರಮ್, ನಡುವೆ ಬ್ರೇಕ್ ಆಯಿಲ್, ಮಿಕ್ಕಿದ್ದೆಲ್ಲ ಡ್ರೈವರನ ಬಲಗಾಲು. ಊಟಿ ಬಾಡಿಗೆ ಹೊಡೆಯುವವರಲ್ಲಿ ಕೆಲವರು ಕಲ್ಹಟ್ಟಿ ಘಾಟಿಯ 36 ತಿರುವುಗಳನ್ನು ಇಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿ ಇಳಿಯುತ್ತಿದ್ದರು. ಪೆಟ್ರೋಲ್ ಉಳಿಸುವ ಆಸೆ. ಅದು ಆಗಲೂ ತಪ್ಪೇ, ಲೈನರ್ ಕಾದು ಬ್ರೇಕ್ ಮಂಕಾಗುತ್ತಿತ್ತು. ಆದರೆ ಇಂಜಿನ್ ನಿಂತ ಕಾರಣಕ್ಕೆ ಪೆಡಲ್ ಗಟ್ಟಿಯಾಗುತ್ತಿರಲಿಲ್ಲ.

ಬೂಸ್ಟರ್ ಇರುವ ಕಾರುಗಳು ಬಂದ ಮೇಲೂ ಆ ಚಾಳಿ ಹೋಗಲಿಲ್ಲ. ಅವುಗಳಲ್ಲಿ ಇಂಜಿನ್ ನಿಂತರೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಾಗುತ್ತದೆ. ಹಾಗೆ ದಿಬ್ಬಕ್ಕೆ ಉಜ್ಜಿ ಕಾರು ನಿಲ್ಲಿಸಿಕೊಂಡು ಬಂದ ಡ್ರೈವರೊಬ್ಬನಿಗೆ ಟೀ ಲೋಟ ಹಿಡಿಯಲೂ ಕೈ ನಿಲ್ಲುತ್ತಿರಲಿಲ್ಲ. "ಬ್ರೇಕ್ ಫೇಲ್ ಆಯ್ತಣ್ಣಾ" ಅಂದ. ನಮ್ಮ ಉಸ್ತಾದರು ಚಕ್ರ ಬಿಚ್ಚಲೇ ಇಲ್ಲ. ಇಂಜಿನ್ ಆಫ್ ಇರುವಾಗಲೇ ಐದಾರು ಸಲ ಪೆಡಲ್ ಒತ್ತಿಸಿದರು. ಗಟ್ಟಿಯಾಯಿತು. "ಕಾಲು ತೆಗೀಬೇಡ, ಈಗ ಸ್ಟಾರ್ಟ್ ಮಾಡು" ಅಂದರು. ಇಂಜಿನ್ ಎದ್ದಿದ್ದೇ ತಡ, ಪೆಡಲ್ ಅವನ ಕಾಲಡಿಯಲ್ಲಿ ತಾನಾಗಿ ಒಂದಿಷ್ಟು ಕೆಳಗಿಳಿಯಿತು. ಬ್ರೇಕ್ ಸರಿಯಾಗಿಯೇ ಇತ್ತು, ಮುಗಿದಿದ್ದು ವ್ಯಾಕ್ಯೂಮ್. ಇವತ್ತಿಗೂ ನನ್ನ ಹುಡುಗರಿಗೆ ನಾನು ಮೊದಲು ಹೇಳಿಕೊಡುವ ಪರೀಕ್ಷೆ ಇದು.

ಬೂಸ್ಟರ್ ಎಂಬ ಆ ಕಪ್ಪು ಡಬ್ಬದೊಳಗೆ ರಬ್ಬರ್ ಡಯಾಫ್ರಮ್ ಒಂದಿದೆ. ಅದರ ಎರಡೂ ಕಡೆ ಗಾಳಿ ಹೀರಿ ತೆಗೆದಿರುತ್ತದೆ. ಪೆಡಲ್ ಒತ್ತಿದಾಗ ಒಂದು ಕಡೆಗೆ ಮಾತ್ರ ಹೊರಗಿನ ಗಾಳಿ ನುಗ್ಗಿ ಡಯಾಫ್ರಮ್ಮನ್ನು ಮಾಸ್ಟರ್ ಸಿಲಿಂಡರಿನತ್ತ ತಳ್ಳುತ್ತದೆ. 9 ಇಂಚಿನ ಡಯಾಫ್ರಮ್ ಎಂದರೆ ಸುಮಾರು 410 ಚದರ ಸೆಂಟಿಮೀಟರ್. 500 ಮಿಲಿಮೀಟರ್ ಪಾದರಸದಷ್ಟು ವ್ಯಾಕ್ಯೂಮ್ ಇದ್ದರೆ ಅದರ ಮೇಲೆ ಬೀಳುವ ಬಲ ಹೆಚ್ಚುಕಡಿಮೆ 280 ಕಿಲೋ. ತಳ್ಳುವ ಗಾಳಿ ಪುಕ್ಕಟೆ. ಒಳಗಿನ ಗಾಳಿ ತೆಗೆಯುವವರು ಯಾರು ಎಂಬುದೇ ಈ ಬ್ರೇಕಿನ ಇಡೀ ಚರಿತ್ರೆ.

ಈ ಪ್ರಶ್ನೆ ಮೊದಲು ಎದ್ದದ್ದು ರೈಲಿನಲ್ಲಿ. ನಮ್ಮಪ್ಪ ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು, ಊಟಕ್ಕೆ ಕೂತಾಗಲೂ ವ್ಯಾಕ್ಯೂಮ್ ಬ್ರೇಕಿನ ಮಾತೇ. ಕಾರಿನಲ್ಲಿ ವ್ಯಾಕ್ಯೂಮ್ ಇಲ್ಲದಿದ್ದರೆ ಬ್ರೇಕಿನ ಬಲ ಕುಗ್ಗುತ್ತದೆ, ಆಗಿನ ರೈಲಿನಲ್ಲಿ ತದ್ವಿರುದ್ಧ: ಪೈಪಿನಲ್ಲಿ ವ್ಯಾಕ್ಯೂಮ್ ಇರುವವರೆಗೆ ಬ್ರೇಕ್ ಬಿಟ್ಟಿರುತ್ತಿತ್ತು, ಬೋಗಿ ಕಳಚಿ ಪೈಪ್ ಹರಿದರೆ ಗಾಳಿ ನುಗ್ಗಿ ತಾನೇ ಹಿಡಿಯುತ್ತಿತ್ತು. 1889ರಲ್ಲಿ ಐರ್ಲೆಂಡಿನ ಆರ್ಮಾ ಬಳಿ ಏರಿನಲ್ಲಿ ಬಿಡಿಸಿಟ್ಟ ಬೋಗಿಗಳು ಹಿಂದಕ್ಕುರುಳಿ, ಸ್ಕೂಲ್ ಮಕ್ಕಳೂ ಸೇರಿ ಎಂಬತ್ತರಷ್ಟು ಜನ ಸತ್ತರು. ಆ ರೈಲಿನಲ್ಲೂ ವ್ಯಾಕ್ಯೂಮ್ ಬ್ರೇಕ್ ಇತ್ತು, ಆದರೆ ತಾನಾಗಿ ಹಿಡಿಯುವಂಥದ್ದಲ್ಲ. ಅದೇ ವರ್ಷ ಬ್ರಿಟನ್ನಿನಲ್ಲಿ ತಾನಾಗಿ ಹಿಡಿಯುವ ಬ್ರೇಕ್ ಕಡ್ಡಾಯವಾಯಿತು. ಆ ಮಕ್ಕಳ ವಿಷಯ ಹೇಳುವಾಗ ಅಪ್ಪ ತುತ್ತು ಕೆಳಗಿಡುತ್ತಿದ್ದರು.

ಉಗಿ ಇಂಜಿನ್ ತನ್ನ ಉಗಿಯನ್ನೇ ಎಜೆಕ್ಟರಿನಲ್ಲಿ ಊದಿ ಗಾಳಿ ಹೀರುತ್ತಿತ್ತು. ಡೀಸೆಲ್ ಇಂಜಿನ್ ಬಂದಾಗ ಉಗಿಯೇ ಇಲ್ಲ, ಎಕ್ಸ್‌ಹಾಸ್ಟರ್ ಎಂಬ ಪಂಪ್ ಕೂರಿಸಬೇಕಾಯಿತು. ಕಾರುಗಳದೂ ಅದೇ ದಾರಿ. 1920ರ ದಶಕದಲ್ಲಿ ಬೆಲ್ಜಿಯಮ್ಮಿನ ಆಲ್ಬರ್ಟ್ ಡೆವಾಂಡ್ರ್ ಕಾರಿಗೆ ವ್ಯಾಕ್ಯೂಮ್ ಸರ್ವೋ ಮಾಡಿದಾಗ ಪಂಪ್ ಬೇಕಾಗಲಿಲ್ಲ. ಪೆಟ್ರೋಲ್ ಇಂಜಿನ್ನಿನ ಥ್ರಾಟಲ್ ಮುಚ್ಚಿದಾಗ ಪಿಸ್ಟನ್‌ಗಳು ಮ್ಯಾನಿಫೋಲ್ಡಿನ ಗಾಳಿಯನ್ನು ತಾವೇ ಎಳೆಯುತ್ತವೆ, ಅಲ್ಲಿಂದ ಒಂದು ಹೋಸ್ ಎಳೆದರೆ ಆಯಿತು. ಬ್ರೇಕ್ ಹಿಡಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದೇ ಇರುತ್ತೇವೆ, ಅಂದರೆ ಬೇಕಾದ ಹೊತ್ತಿಗೇ ವ್ಯಾಕ್ಯೂಮ್ ಹೆಚ್ಚು. ಇಷ್ಟು ಚೆಂದದ ಹೊಂದಾಣಿಕೆ ಇಂಜಿನ್ ಕೆಲಸದಲ್ಲಿ ನಾನು ಬೇರೆಲ್ಲೂ ಕಂಡಿಲ್ಲ.

ಡೀಸೆಲ್ ಕಾರಿಗೆ ಆ ಥ್ರಾಟಲ್ ಇಲ್ಲ. ಅದಕ್ಕೇ ಎಷ್ಟೋ ಡೀಸೆಲ್ ಗಾಡಿಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೇ ಸಣ್ಣ ವ್ಯಾಕ್ಯೂಮ್ ಪಂಪ್ ಕೂರಿಸಿದ್ದರು. ಪೆಡಲ್ ಗಟ್ಟಿ ಅಂತ ಬಂದ ಎಷ್ಟೋ ಗಾಡಿಗಳಲ್ಲಿ ಬೂಸ್ಟರ್ ಚೆನ್ನಾಗಿಯೇ ಇದ್ದು, ಆ ಪಂಪಿನ ವೇನ್ ಸವೆದಿರುತ್ತಿತ್ತು, ಇಲ್ಲವೇ ಅದಕ್ಕೆ ಆಯಿಲ್ ಕೊಡುವ ಪೈಪ್ ಕಟ್ಟಿಕೊಂಡಿರುತ್ತಿತ್ತು.

ಈಗ ಇಂಜಿನ್ನೇ ಇಲ್ಲದ ಕಾಲ. ನಾಲ್ಕು ವರ್ಷದ ಹಿಂದೆ ಗಿರಾಕಿಯೊಬ್ಬರ ಹಳೇ ಪೆಟ್ರೋಲ್ ಕಾರಿಗೆ ಇಂಜಿನ್ ಇಳಿಸಿ ಕರೆಂಟ್ ಮೋಟರ್ ಹಾಕಿದ್ದರು. ಬೂಸ್ಟರಿನ ಹೋಸ್ ಮಾತ್ರ ತುದಿಗೆ ಬೋಲ್ಟ್ ತುರುಕಿಸಿಕೊಂಡು ನೇತಾಡುತ್ತಿತ್ತು. ನಾನು 12 ವೋಲ್ಟಿನ ಪಂಪನ್ನು ರಬ್ಬರ್ ಬುಶ್ ಕೊಟ್ಟು ಕೂರಿಸಿದೆ, ಇಲ್ಲವಾದರೆ ಸದ್ದು ಬಾಡಿಗೆಲ್ಲ ಹತ್ತುತ್ತದೆ. ಗಾಳಿ ವಾಪಸ್ ಬಾರದಂತೆ ಒನ್‌ವೇ ವಾಲ್ವ್, ಒಂದು ಸಣ್ಣ ಟ್ಯಾಂಕ್, ರಿಲೇ, ಫ್ಯೂಸ್, ವ್ಯಾಕ್ಯೂಮ್ ಸ್ವಿಚ್. 520 ಮಿಲಿಮೀಟರಿಗೆ ಪಂಪ್ ನಿಲ್ಲುವಂತೆ ಸ್ವಿಚ್ ತಿರುಗಿಸಿದೆ. ಮೈಸೂರಿನಲ್ಲಿ ಎರಡು ದಿನ ಓಡಿಸಿ ನೋಡಿದೆ, ಸರಿಯಾಗಿತ್ತು.

ಅವರು ಊಟಿಗೆ ಹೋದರು. ಸಂಜೆ ಫೋನ್: "ಪಂಪ್ ನಿಲ್ತಾನೇ ಇಲ್ಲ, ಮುಟ್ಟಿದ್ರೆ ಸುಡ್ತಿದೆ." ಫ್ಯೂಸ್ ತೆಗೆಯಬೇಡಿ, ಗಾಡಿ ತೆಗೆಯಲೂ ಬೇಡಿ ಎಂದು ಹೇಳಿ ರಾತ್ರಿಯೆಲ್ಲ ಯೋಚಿಸಿದೆ. ತಪ್ಪು ನನ್ನದೇ. ಮೈಸೂರಿನ ಗಾಳಿ ಸುಮಾರು 695 ಮಿಲಿಮೀಟರ್ ಪಾದರಸ ಎತ್ತುತ್ತದೆ, 2,240 ಮೀಟರ್ ಎತ್ತರದ ಊಟಿಯದು 580ರ ಆಸುಪಾಸು. ಯಾವ ಪಂಪೂ ಪೂರ್ತಿ ಹೀರುವುದಿಲ್ಲ. ಅಲ್ಲಿ ಈ ಪಂಪು 500 ಮುಟ್ಟಿದರೆ ಹೆಚ್ಚು. ನಾನು ಕೇಳಿದ್ದು 520.

ಬೆಳಿಗ್ಗೆ ಬಸ್ ಹತ್ತಿ ಹೋಗಿ ಸ್ವಿಚ್ಚನ್ನು 440ಕ್ಕೆ ಇಳಿಸಿದೆ. ವ್ಯಾಕ್ಯೂಮ್ ಕಮ್ಮಿಯಾದರೆ ಉರಿಯಲೆಂದು ಸ್ಟೇರಿಂಗ್ ಪಕ್ಕ ಒಂದು ಕೆಂಪು ಲೈಟ್ ಕೂರಿಸಿದೆ. ಇಳಿಯುವಾಗ ನಾನೇ ಸ್ಟೇರಿಂಗ್ ಹಿಡಿದೆ. ಪ್ರತಿ ತಿರುವಿನಲ್ಲೂ ಬ್ರೇಕ್ ಬಿಟ್ಟ ಮೇಲೆ ಬಾನೆಟ್ಟಿನ ಕೆಳಗೆ ಐದಾರು ಸೆಕೆಂಡ್ ಗುರ್ರೆಂದು ಪಂಪ್ ಓಡಿ ನಿಲ್ಲುತ್ತಿತ್ತು. ಬೆಟ್ಟ ಮುಗಿಯುವವರೆಗೂ ಕಿವಿಯನ್ನು ಅದಕ್ಕೇ ಕೊಟ್ಟಿದ್ದೆ. ಕೆಂಪು ಲೈಟ್ ಒಂದು ಸಲವೂ ಹತ್ತಲಿಲ್ಲ.