ಒಸಡಿನ ಜೀವಕೋಶಗಳು ಮತ್ತು ದವಡೆಯ ಎಲುಬಿನ ಸವೆತ

ಅಡ್ಯಾರಿನಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳ ಹಿರಿಯರಲ್ಲಿ ಹಲವರು, ಹಲ್ಲು ಅಲುಗಾಡತೊಡಗಿದರೆ ಅದನ್ನು ವಯೋಧರ್ಮವೆಂದು ತಿಳಿದು ಸುಮ್ಮನಾಗುವುದುಂಟು. ವಾಸ್ತವದಲ್ಲಿ ಇದು ಬಹುಮಟ್ಟಿಗೆ ಪೆರಿಯೊಡಾಂಟೈಟಿಸ್ ಎಂಬ ಒಸಡಿನ ರೋಗದ ಫಲ. ಹಲ್ಲನ್ನು ಹಿಡಿದಿರುವ ದವಡೆಯ ಎಲುಬು ಇದರಲ್ಲಿ ಕರಗುತ್ತದೆ. ರೋಗಾಣುಗಳು ಕಾರಣವಾದರೂ, ಎಲುಬನ್ನು ಕರಗಿಸುವವು ನಮ್ಮ ಶರೀರದ ಜೀವಕೋಶಗಳೇ ಎಂಬುದು ಗಮನಾರ್ಹ.

ಹಲ್ಲು ಮತ್ತು ಒಸಡು ಕೂಡುವೆಡೆಯಲ್ಲಿ ಪ್ಲಾಕ್ ಎಂಬ ಜಿಗುಟು ಪೊರೆ ಕಟ್ಟಿ, ಅದರಲ್ಲಿ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಅವುಗಳ ಇರವನ್ನು ಗುರುತಿಸಿದ ಒಸಡಿನ ಹೊರಪದರದ ಕೋಶಗಳೂ, ನಾರು ಹೆಣೆಯುವ ಫೈಬ್ರೊಬ್ಲಾಸ್ಟ್ ಕೋಶಗಳೂ ಇಂಟರ್‌ಲ್ಯೂಕಿನ್, ಪ್ರೊಸ್ಟಾಗ್ಲಾಂಡಿನ್ ಮೊದಲಾದ ಸಂದೇಶವಸ್ತುಗಳನ್ನು ಸ್ರವಿಸುತ್ತವೆ. ಇದು ರಕ್ಷಣೆಯ ಕರೆ. ಆದರೆ ಉರಿಯೂತ ಬಹುಕಾಲ ಮುಂದುವರಿದರೆ ಒಸಡಿನ ನಾರುಗಳೇ ಕಿಣ್ವಗಳಿಂದ ಶಿಥಿಲವಾಗುತ್ತವೆ.

ಒಸಡಿಗೆ ಬಂದು ಸೇರಿದ ಬಿಳಿ ರಕ್ತಕಣಗಳು ಹಾಗೂ ಎಲುಬಿನ ಅಂಚಿನ ಕೋಶಗಳು ಆಗ ರ್‍ಯಾಂಕ್‌ಎಲ್ ಎಂಬ ಪ್ರೋಟೀನನ್ನು ಹೆಚ್ಚಾಗಿ ತಯಾರಿಸುತ್ತವೆ. ಎಲುಬು ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳು ರೂಪುಗೊಳ್ಳಲು ಇದೇ ಪ್ರೇರಣೆ. ಇದನ್ನು ತಡೆಯುವ ಆಸ್ಟಿಯೋಪ್ರೊಟೆಜೆರಿನ್ ಎಂಬ ಇನ್ನೊಂದು ಪ್ರೋಟೀನೂ ಇದೆ. ಒಸಡಿನ ಫೈಬ್ರೊಬ್ಲಾಸ್ಟ್‌ಗಳೂ ಅದನ್ನು ತಯಾರಿಸಬಲ್ಲವು. ಇವೆರಡರ ಸಮತೋಲ ತಪ್ಪಿದಾಗ ಎಲುಬು ಸವೆಯುತ್ತದೆ. ಹಾಗೆ ಕಳೆದ ಎಲುಬು ತಾನಾಗಿ ಮರಳಿ ಬೆಳೆಯುವುದಿಲ್ಲ.

ಆದರೆ ಅದಕ್ಕೆ ಮುಂಚಿನ ಹಂತ ನಮ್ಮ ಕೈಯಲ್ಲಿದೆ. ಹೆರಾಲ್ಡ್ ಲೋ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ ನಡೆಸಿ 1965ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಲ್ಲುಜ್ಜುವುದನ್ನು ನಿಲ್ಲಿಸಿದ 12 ಮಂದಿಗೂ 10ರಿಂದ 21 ದಿನಗಳೊಳಗೆ ಒಸಡಿನ ಉರಿಯೂತ ಕಾಣಿಸಿತು. ಮತ್ತೆ ಶುಚಿಗೊಳಿಸಿದಾಗ ಅದು ಶಮನವಾಯಿತು.

ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಈ ಸವೆತವನ್ನು ತೀವ್ರಗೊಳಿಸುತ್ತದೆ. ಧೂಮಪಾನ ಇನ್ನೂ ವಂಚಕ: ರೋಗವನ್ನು ಹೆಚ್ಚಿಸುತ್ತಲೇ ರಕ್ತಸ್ರಾವವೆಂಬ ಮುನ್ಸೂಚನೆಯನ್ನು ಮರೆಮಾಡುತ್ತದೆ. 1954ರಲ್ಲಿ ಅಡ್ಯಾರಿನಲ್ಲಿ ಆರಂಭವಾದ ಕ್ಯಾನ್ಸರ್ ಸಂಸ್ಥೆಯನ್ನು ಬಲ್ಲ ನಮಗೆ ತಂಬಾಕಿನ ಇತರ ಕೇಡುಗಳನ್ನು ವಿವರಿಸಬೇಕಾಗಿಲ್ಲ.

ಹಲ್ಲುಜ್ಜುವಾಗ ರಕ್ತ ಕಂಡರೆ ಉಜ್ಜುವುದನ್ನು ನಿಲ್ಲಿಸದೆ ದಂತವೈದ್ಯರನ್ನು ಕಾಣುವುದು ಒಳಿತು. ಹಲ್ಲಿನ ಸುತ್ತಲ ಸಂದಿನ ಆಳವನ್ನು ಅಳೆದು, ಅಗತ್ಯವಿದ್ದರೆ ಎಕ್ಸ್‌ರೇ ತೆಗೆದು, ಗಟ್ಟಿಯಾದ ಪ್ಲಾಕನ್ನು ಅವರು ತೆಗೆಯುವರು. ಸವೆತ ಅಲ್ಲಿಗೇ ನಿಂತರೆ ಉಳಿದ ಎಲುಬು ಹಲ್ಲನ್ನು ಬಹುಕಾಲ ಹಿಡಿದಿರಬಲ್ಲದು.