ಚಿಕ್ಕನಾಯಕನಹಳ್ಳಿ ಲೂಟಿ (1791)
ಮೂರನೆಯ ಮೈಸೂರು ಯುದ್ಧದಲ್ಲಿ ಮರಾಠಾ ದಂಡನಾಯಕ ಪರಶುರಾಮ ಭಾವೂ ಪಟವರ್ಧನನ ಸೇನೆ, ಇಂಗ್ಲಿಷ್ ದಂಡನಾಯಕ ಕಾರ್ನ್‌ವಾಲಿಸನನ್ನು ಕೂಡಿಕೊಳ್ಳಲು ಶ್ರೀರಂಗಪಟ್ಟಣದತ್ತ ಸಾಗುವಾಗ ನಡೆಸಿದ ಸುಲಿಗೆ. ಹಾಗಲವಾಡಿ ಪಾಳೆಯಗಾರ ಚಿಕ್ಕನಾಯಕನ ಹೆಸರು ಹೊತ್ತ, ಇಂದು ತೆಂಗಿಗೆ ಹೆಸರಾದ ಈ ಪೇಟೆ ದಂಡಿನ ದಾರಿಯಲ್ಲಿತ್ತು. ಅದೇ ಅದರ ತಪ್ಪು. ಇತ್ತ ಮೇ 15ರಂದು ಅರಕೆರೆಯಲ್ಲಿ ಮೈಸೂರಿನ ಟಿಪ್ಪು ಸುಲ್ತಾನನ ವಿರುದ್ಧ ಗೆದ್ದರೂ ಕಾರ್ನ್‌ವಾಲಿಸ್‌ಗೆ ದವಸವಿರಲಿಲ್ಲ, ಎತ್ತುಗಳು ಸಾಯುತ್ತಿದ್ದವು. ಮುತ್ತಿಗೆಯ ಭಾರಿ ತೋಪುಗಳನ್ನು ತಾನೇ ನಾಶಮಾಡಿ ಹಿಂದಿರುಗಿದ. ಟಿಪ್ಪುವಿನ ಸವಾರರು ಓಲೆಕಾರರನ್ನು ತಡೆದಿದ್ದರಿಂದ ಮರಾಠರು ಸಮೀಪಿಸಿದ್ದು ಅವನಿಗೆ ತಿಳಿದಿರಲಿಲ್ಲ. ಮೇಲುಕೋಟೆಯ ಬಳಿ ಕಂಡ ಮರಾಠಾ ಕುದುರೆಗಳನ್ನು ಇಂಗ್ಲಿಷರು ಮೊದಲು ಶತ್ರುಗಳೆಂದೇ ಬಗೆದರು. ಮರಾಠಾ ಪಾಳೆಯದ ಬಜಾರಿನಲ್ಲಿ ಧಾನ್ಯ ಧಾರಾಳ, ಬೆಲೆ ಮಾತ್ರ ದುಬಾರಿ. ಅದೇ ವರ್ಷ ಪಟವರ್ಧನರ ಸವಾರರು ಶೃಂಗೇರಿ ಮಠವನ್ನೂ ದೋಚಿದರು. ಅಲ್ಲಿನ ದೇವಿ ಶಾರದೆಯ ಪುನಃಪ್ರತಿಷ್ಠೆಗೆ ನೆರವು ಕಳಿಸಿದವನು ಟಿಪ್ಪು. ಈ ಯುದ್ಧವನ್ನು ಧರ್ಮದ ಗೆರೆ ಎಳೆದು ಓದುವವರಿಗೆ ಇದು ತೊಡಕಿನ ಸಂಗತಿ.