ರುಮಾಲಿನ ಗಂಟು

ಜಮೀನಿನ ದಾಖಲೆಗಳಲ್ಲಿ ಯಾವುದು ಕೈಗೆಟುಕುವಂತಿರಬೇಕು, ಯಾವುದು ಅಟ್ಟ ಏರಬೇಕು ಎಂಬ ಲೆಕ್ಕ ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಕಂಪ್ಯೂಟರಿಗಿಂತ ಬಹಳ ಹಳೆಯದು. ಹಾನಗಲ್ಲು ಪಾನುಂಗಲ್ ಎನಿಸಿಕೊಂಡು ಕದಂಬರ ರಾಜಧಾನಿಯಾಗಿದ್ದ ಕಾಲದಲ್ಲಿ ದತ್ತಿ ಬಿಟ್ಟ ಹೊಲದ ಅಳತೆ ಮತ್ತು ಎಲ್ಲೆಗಳನ್ನು ಕಲ್ಲಿನಲ್ಲಿ ಕೊರೆಸುತ್ತಿದ್ದರು. ಹಿರೇಕೆರೂರು ತಾಲೂಕಿನ ಅಬ್ಬಲೂರಿನಲ್ಲಿ ಶಿವಭಕ್ತ ಏಕಾಂತದ ರಾಮಯ್ಯನ ಕಥೆ ಹೇಳುವ ಶಾಸನ ಸುಮಾರು 1200ರದು. ಕಲ್ಲು ಬಾಳುತ್ತದೆ, ಆದರೆ ಹೊಲ ಕೈ ಬದಲಾದಾಗಲೆಲ್ಲ ಅದನ್ನು ತಿದ್ದಲಾಗದು.

ದಿನದ ಲೆಕ್ಕಕ್ಕೆ ಕಡತವಿತ್ತು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿಟ್ಟ ಕರಿಯ ಪುಸ್ತಕ ಅದು. ಬಳಪದಿಂದ ಬರೆದದ್ದನ್ನು ಒರೆಸಿ ಅದರ ಮೇಲೆಯೇ ಹೊಸದನ್ನು ಬರೆಯಬಹುದಿತ್ತು. ಶಾಶ್ವತವಾದದ್ದು ಕಲ್ಲಿಗೆ, ಬದಲಾಗುವುದು ಕಡತಕ್ಕೆ. ಈ ವಿಂಗಡಣೆ ಮಾಡುತ್ತಿದ್ದವರಿಗೆ ಹೊಲವೂ ಗೊತ್ತಿತ್ತು, ಹೊಲದ ಒಡೆಯನೂ ಗೊತ್ತಿದ್ದ.

ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ 1835ರಲ್ಲಿ ಪುಣೆ ಬಳಿಯ ಇಂದಾಪುರದಲ್ಲಿ ಶುರುಮಾಡಿದ ಸರ್ವೆ ಪದ್ಧತಿ ಮುಂದೆ ಈ ಸೀಮೆಯ ಅಂದಿನ ಧಾರವಾಡ ಜಿಲ್ಲೆಗೂ ಬಂತು. ಹೊಲಕ್ಕೊಂದು ನಂಬರು, ನಂಬರಿಗೊಂದು ಆಕಾರ (ಕಂದಾಯದ ನಿಗದಿ), ಮೂವತ್ತು ವರ್ಷ ಏರದ ಕಂದಾಯ. ಟಿಪ್ಪಣಿ, ಆಕಾರಬಂದು ಎಂಬ ಹೊಸ ಕಾಗದಗಳು ಹುಟ್ಟಿಕೊಂಡವು. 1903ರ ಮುಂಬಯಿ ಕಾಯ್ದೆಯಿಂದ ಹಕ್ಕುಪತ್ರಕವೂ ಸೇರಿತು. ಈ ಭಾಗದವರು ಇಂದಿಗೂ ಪಹಣಿಗೆ ‘ಉತಾರ’ ಎನ್ನುವುದು ಆ ಕಾಲದ ಉಳಿಕೆ. ಊರಿನ ದಫ್ತರ ಊರ ಲೆಕ್ಕ ಬರೆಯುವ ಕುಲಕರ್ಣಿಯ ಮನೆಯಲ್ಲಿರುತ್ತಿತ್ತು. ಬಟ್ಟೆಯ ರುಮಾಲಿನಲ್ಲಿ ಕಾಗದ ಕಟ್ಟಿ, ಗಂಟು ಹಾಕಿ, ಮೇಲೆ ಚೀಟಿ ಸಿಕ್ಕಿಸುತ್ತಿದ್ದರು. 1950ರ ಕಾಯ್ದೆ ಕುಲಕರ್ಣಿ ವತನವನ್ನು ರದ್ದು ಮಾಡಿದ ಮೇಲೆ ಅದೇ ರುಮಾಲುಗಳು ಸರ್ಕಾರಿ ನೌಕರನಾದ ತಲಾಠಿಯ ಕೈಗೆ ಬಂದವು.

ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ವಿಂಗಡಣೆ ಒಂದು ನಿಯಮವಾಯಿತು. ಮುಂಬಯಿ ಪ್ರಾಂತದ ಪದ್ಧತಿಯಲ್ಲಿ ‘ಎ’ ವರ್ಗದ ಕಾಗದ ಕಾಯಂ, ‘ಬಿ’ ವರ್ಗದ್ದಕ್ಕೆ 30 ವರ್ಷ, ‘ಸಿ’ ವರ್ಗದ್ದಕ್ಕೆ ಅದಕ್ಕೂ ಕಡಿಮೆ, ‘ಡಿ’ ವರ್ಗದ್ದಕ್ಕೆ ಒಂದೇ ವರ್ಷ. ಅವಧಿ ಮುಗಿದದ್ದನ್ನು ನಾಶ ಮಾಡುತ್ತಿದ್ದರು. ಜಾಗ ಉಳಿಸಲು ಇದು ಬೇಕೇ ಇತ್ತು. ಆದರೆ ಕಾಗದ ಮುಂದೆ ಯಾರಿಗೆ ಬೇಕಾಗುತ್ತದೆ ಎಂಬುದನ್ನು ವರ್ಗದ ಅಕ್ಷರ ಹೇಳುವುದಿಲ್ಲ.

ಅದು ದೊಡ್ಡ ಪ್ರಮಾಣದಲ್ಲಿ ಅರಿವಿಗೆ ಬಂದದ್ದು 1974ರಲ್ಲಿ. ಆ ವರ್ಷದ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ‘ಉಳುವವನೇ ಒಡೆಯ’ ಎಂದಿತು. ಗೇಣಿದಾರ ಫಾರ್ಮ್ 7 ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತಾಗ, ಸಾಗುವಳಿದಾರನ ಕಾಲಮ್ಮಿನಲ್ಲಿ ತನ್ನ ಇಲ್ಲವೇ ಅಪ್ಪನ ಹೆಸರಿದೆಯೇ ಎಂಬುದೇ ಅವನ ಬದುಕನ್ನು ತೂಗುವ ಸಂಗತಿಯಾಯಿತು. ಹತ್ತಾರು ವರ್ಷ ಯಾರೂ ಬಿಚ್ಚದ ಗಂಟುಗಳನ್ನು ಬಿಚ್ಚಬೇಕಾಯಿತು. 2006ರ ಅರಣ್ಯ ಹಕ್ಕು ಕಾಯ್ದೆ ಇನ್ನೂ ಹಿಂದಕ್ಕೆ ಹೋಯಿತು. ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದಕ್ಕೆ ಪುರಾವೆ ಕೊಡಬೇಕು. ಹಾನಗಲ್ಲಿನ ಪಡುವಣ ಅಂಚಿನ ಕಾಡಿನ ಬದಿಯ ಸಾಗುವಳಿದಾರ 1930ರ ಕಾಗದ ಹುಡುಕಬೇಕು. ಮೂವತ್ತು ವರ್ಷದ ಲೆಕ್ಕದಲ್ಲಿ ಇಟ್ಟಿದ್ದ ಕಾಗದ ಅಷ್ಟು ಹೊತ್ತಿಗೆ ಎಂದೋ ಬೂದಿಯಾಗಿರುತ್ತದೆ.

ಇಂಥದೇ ವಿಂಗಡಣೆ ಮಾಡುವ ಯಂತ್ರಲೋಕದಲ್ಲೂ 1974 ಗುರುತಿನ ವರ್ಷವೇ. ಐಬಿಎಂ ಕಂಪನಿ ಆಗ 3850 ಎಂಬ ಡೇಟಾ ಭಂಡಾರವನ್ನು ಪ್ರಕಟಿಸಿತು. ಡೇಟಾ ಅಗ್ಗದ ಟೇಪಿನ ಉರುಳೆಗಳಲ್ಲಿ ಇರುತ್ತಿತ್ತು, ಕೇಳಿದಾಗ ಯಂತ್ರವೇ ಅದನ್ನು ಡಿಸ್ಕಿಗೆ ತರುತ್ತಿತ್ತು. ಇದೇ ವಿಚಾರ ಬೆಳೆದು 2010ರ ಹೊತ್ತಿಗೆ ದೊಡ್ಡ ಸಂಸ್ಥೆಗಳ ಸ್ಟೋರೇಜ್ ಯಂತ್ರಗಳಲ್ಲಿ ತಾನಾಗಿ ಅಂತಸ್ತು ಬದಲಿಸುವ ವ್ಯವಸ್ಥೆಯಾಯಿತು. ಮೇಲಂತಸ್ತಿನಲ್ಲಿ ವೇಗದ, ದುಬಾರಿಯ ಎಸ್‌ಎಸ್‌ಡಿ. ಕೆಳಗೆ ನಿಧಾನದ, ಅಗ್ಗದ ಡಿಸ್ಕ್. ಯಾವ ತುಂಡನ್ನು ಎಷ್ಟು ಸಲ ಓದಿದರು ಎಂದು ಯಂತ್ರ ಎಣಿಸುತ್ತದೆ, ಹೆಚ್ಚು ಓದಿದ್ದನ್ನು ಮೇಲೆ ಏರಿಸುತ್ತದೆ, ಉಳಿದದ್ದನ್ನು ಇಳಿಸುತ್ತದೆ.

ಎಣಿಕೆ ನಿನ್ನೆಯದು, ಕೆಲಸ ನಾಳೆಯದು. ಇದೇ ಈ ವ್ಯವಸ್ಥೆಯ ಮೂಲ ಮಿತಿ. ಮುಂಗಾರು ಬಿದ್ದೊಡನೆ ಬೆಳೆಸಾಲಕ್ಕೂ ಬೆಳೆವಿಮೆಗೂ ಉತಾರ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಯಾರೂ ಮುಟ್ಟದ ದಾಖಲೆಯನ್ನು ಎಣಿಕೆಯಷ್ಟನ್ನೇ ನಂಬುವ ಯಂತ್ರ ಕೆಳಗೆ ಇಳಿಸಿರುತ್ತದೆ. ಜೂನಿನಲ್ಲಿ ಸಾಲು ಬೆಳೆದ ಮೇಲೆ ಅದು ಎಚ್ಚೆತ್ತು ಮೇಲೆ ಏರಿಸುವಷ್ಟರಲ್ಲಿ ವಿಮೆಯ ಕೊನೆಯ ದಿನ ಹತ್ತಿರ ಬಂದಿರುತ್ತದೆ. ತುಂಡಿನ ಗಾತ್ರದ್ದು ಇನ್ನೊಂದು ತೊಡಕು. ಇಎಂಸಿ ಕಂಪನಿಯ ಮೊದಲ ವಿಎನ್‌ಎಕ್ಸ್ ಸ್ಟೋರೇಜ್ ಯಂತ್ರಗಳಲ್ಲಿ ಒಂದು ತುಂಡು 1 ಜಿಬಿ ಇತ್ತು. ಒಂದು ಹಾಳೆಗಾಗಿ ಇಡೀ ರುಮಾಲನ್ನೇ ಮೇಜಿನ ಮೇಲೆ ಹೊತ್ತು ತಂದ ಹಾಗೆ, ಒಂದಿಷ್ಟು ಬಿಸಿ ಡೇಟಾದ ಜೊತೆ ತಣ್ಣನೆಯದೂ ದುಬಾರಿ ಜಾಗಕ್ಕೆ ಏರುತ್ತದೆ. ಬ್ಯಾಕಪ್ಪಿಗಾಗಿ ಎಲ್ಲವನ್ನೂ ಒಮ್ಮೆ ಓದಿದರೆ ಅದೂ ಬೇಡಿಕೆಯಂತೆಯೇ ಎಣಿಕೆಗೆ ಸೇರಬಹುದು. ಏರಿಸಿ ಇಳಿಸುವ ಓಡಾಟವೇ ಡಿಸ್ಕಿನ ಶಕ್ತಿಯನ್ನು ತಿನ್ನುವುದರಿಂದ ಅದನ್ನು ಸಾಮಾನ್ಯವಾಗಿ ರಾತ್ರಿಗೆ ಬಿಡುತ್ತಾರೆ. ಮುಖ್ಯವಾದ ಡೇಟಾವನ್ನು ಒಂದೇ ಅಂತಸ್ತಿಗೆ ಬಿಗಿದಿಡುವ ಸೌಲಭ್ಯ ಅನೇಕ ಯಂತ್ರಗಳಲ್ಲಿದೆ. ಯಾವುದನ್ನು ಬಿಗಿಯಬೇಕೆಂದು ಹೇಳಲು ಮಾತ್ರ ಹಂಗಾಮು ಬಲ್ಲ ಮನುಷ್ಯನೇ ಬೇಕು.

‘ಭೂಮಿ’ ಯೋಜನೆ 2000ದ ಆಸುಪಾಸಿನಲ್ಲಿ ರಾಜ್ಯದ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು, ಕೈಬರಹದ ಪಹಣಿಯ ಮಾನ್ಯತೆ ಹೋಯಿತು. ರೈತನ ಅಲೆದಾಟ ತಗ್ಗಿಸಿದ ದೊಡ್ಡ ಕೆಲಸವದು. ಆದರೆ ಏರಿದ್ದು ಚಾಲ್ತಿಯ ದಾಖಲೆ. ಹಳೆಯ ಪಹಣಿ, ಹಕ್ಕು ಬದಲಾವಣೆಯ ಹಳೆಯ ವರ್ದಿಗಳು ರೆಕಾರ್ಡ್ ರೂಮಿನಲ್ಲೇ ಉಳಿದವು. ಅವುಗಳನ್ನು ಸ್ಕ್ಯಾನ್ ಮಾಡುವ ಕೆಲಸ ಇತ್ತೀಚೆಗೆ ‘ಭೂ ಸುರಕ್ಷಾ’ ಹೆಸರಿನಲ್ಲಿ ನಡೆದಿದೆ. ಅಲ್ಲಿ ಹಾಳೆಯ ಚಿತ್ರದಷ್ಟೇ ಮುಖ್ಯ ಅದಕ್ಕೆ ಕೊಡುವ ಹೆಸರು. ಇಂಗ್ಲಿಷರ ಕಾಲದಲ್ಲಿ ಹಿರೇಕೆರೂರು ಕೇಂದ್ರವಾಗಿದ್ದ ತಾಲೂಕಿನ ಹೆಸರು ಕೋಡ; ಶಿಗ್ಗಾಂವಿಯಿಂದ ನಡೆಯುತ್ತಿದ್ದ ತಾಲೂಕು ಬಂಕಾಪುರ; ಸವಣೂರು 1948ರಲ್ಲಿ ವಿಲೀನವಾಗುವವರೆಗೆ ನವಾಬರ ಸಂಸ್ಥಾನ. 1997ರವರೆಗೆ ಇವೆಲ್ಲಕ್ಕೂ ಜಿಲ್ಲೆ ಧಾರವಾಡವೇ ಹೊರತು ಹಾವೇರಿಯಲ್ಲ. ಹಿರೇಕೆರೂರಿನ ರೈತ ಅಜ್ಜನ ಹೊಲದ ಕಾಗದ ಕೇಳಿದಾಗ ಯಂತ್ರ ‘ಕೋಡ’ ಎಂಬ ಹೆಸರಿನಡಿಯೂ ಹುಡುಕುವಂತಿರಬೇಕು. ಆ ನಂಟನ್ನು ಸೂಚಿಯಲ್ಲಿ ಬರೆಯದಿದ್ದರೆ, ಯಾವ ಅಂತಸ್ತಿನಲ್ಲಿದ್ದರೂ ಆ ಹಾಳೆ ಅವನಿಗೆ ಸಿಗುವುದಿಲ್ಲ.